ಬೋರ್ಡಿಗೆ ಕಾನೂನಿನ ಕಾವಲಿದೆ, ಅಂಗಡಿಗಿಲ್ಲ: ಸಾಲ್ಜ್‌ಬರ್ಗ್‌ನ ಗೆಟ್ರೈಡೆಗಾಸೆಯ ಬಾಡಿಗೆ ಲೆಕ್ಕ

ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನಗರದ ಗೆಟ್ರೈಡೆಗಾಸೆ ಬೀದಿಯಲ್ಲಿ ನಡೆಯುವವರ ಕಣ್ಣು ಮೇಲೇ ಇರುತ್ತದೆ. ಒಂದು ಕಡೆ ಸಾಲ್ಜಾಕ್ ನದಿ, ಇನ್ನೊಂದು ಕಡೆ ಮೊಂಕ್ಸ್‌ಬರ್ಗ್ ಗುಡ್ಡ. ಎರಡರ ನಡುವಿನ ಇಕ್ಕಟ್ಟಿನಲ್ಲಿ ಎತ್ತರದ, ಕಿರಿದಾದ ಮನೆಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಪ್ರತಿ ಮಳಿಗೆಯ ಮುಂದೆ ಕಬ್ಬಿಣದ ಕುಸುರಿ ಬೋರ್ಡೊಂದು ಬೀದಿಗೆ ಚಾಚಿಕೊಂಡಿದೆ: ಬಳ್ಳಿ, ಎಲೆ, ಸುರುಳಿ, ತುದಿಯಲ್ಲಿ ಕೊಡೆ ಅಥವಾ ಕೀಲಿಕೈ ಅಥವಾ ಕಿರೀಟ. ಓದು ಬಾರದ ಗಿರಾಕಿಗೂ ಇಲ್ಲಿ ಏನು ಸಿಗುತ್ತದೆಂದು ತಿಳಿಯಲಿ ಎಂದು ಹುಟ್ಟಿದ ಪದ್ಧತಿ ಅದು. ಇಂದು ಮೆಕ್‌ಡೊನಾಲ್ಡ್ಸ್ ಕೂಡ ಇಲ್ಲಿ ತನ್ನ ಹಳದಿ ಅಕ್ಷರವನ್ನು ಪುಟ್ಟದಾಗಿಸಿ, ಅಂಥದ್ದೇ ಕಬ್ಬಿಣದ ಬಳ್ಳಿಗೆ ಕಟ್ಟಿ ತೂಗುಹಾಕಿದೆ.

ಗೆಟ್ರೈಡೆ ಎಂದರೆ ಜರ್ಮನ್ ಭಾಷೆಯಲ್ಲಿ ಧಾನ್ಯ. ಆದರೆ ಈ ಹೆಸರು ಧಾನ್ಯದಿಂದ ಬಂದದ್ದಲ್ಲ. ಮೊದಲು ಇದು ಟ್ರಾಬ್‌ಗಾಸೆ, ಅಂದರೆ ಕುದುರೆ ಜಗ್ಗುಹೆಜ್ಜೆ ಹಾಕುವ ಬೀದಿ. ಜನರ ಬಾಯಲ್ಲಿ ಸವೆದು ಸವೆದು ಧಾನ್ಯದ ಬೀದಿಯಾಯಿತು. ಒಂಬತ್ತನೇ ನಂಬರಿನ ಮನೆಯ ಮೂರನೇ ಮಹಡಿಯಲ್ಲಿ 1756ರ ಜನವರಿ 27ರಂದು ಮೊಟ್ಸಾರ್ಟ್ ಹುಟ್ಟಿದ. ಆ ಕುಟುಂಬ 1747ರಿಂದ 1773ರವರೆಗೆ ಅಲ್ಲಿ ಬಾಡಿಗೆಗಿತ್ತು. ಮನೆಯೊಡೆಯ ಯೋಹಾನ್ ಲೊರೆಂಟ್ಸ್ ಹಾಗೆನೌವರ್ ಸಂಬಾರ ಪದಾರ್ಥ, ದಿನಸಿಯ ವ್ಯಾಪಾರಿ. ಕೆಳಗೆ ವ್ಯಾಪಾರ, ಮೇಲೆ ವಾಸ, ಒಡೆಯನೂ ಬಾಡಿಗೆದಾರನೂ ಒಂದೇ ಮೆಟ್ಟಿಲಲ್ಲಿ ಎದುರಾಗುವುದು: ಈ ಬೀದಿ ನೂರಾರು ವರ್ಷ ನಡೆದದ್ದು ಹೀಗೆ. ಈಗ ಕಳಚಿಕೊಳ್ಳುತ್ತಿರುವುದು ಈ ಕೊಂಡಿಯೇ. ಬೀದಿ ಇನ್ನೂ ಅಷ್ಟೇ ಚೆಂದವಾಗಿ ಕಾಣುತ್ತಿರುವುದರಿಂದ ಕಳಚಿದ್ದು ಬೇಗ ಗೊತ್ತಾಗುವುದಿಲ್ಲ.

ಗೋಡೆಯನ್ನು ಕಾದವರು

ಕಟ್ಟಡಗಳ ವಿಷಯದಲ್ಲಿ ಸಾಲ್ಜ್‌ಬರ್ಗ್ ಮಾಡಿದ ಕೆಲಸ ದೊಡ್ಡದು, ಅದನ್ನು ಮೊದಲೇ ಹೇಳಬೇಕು. ಎರಡನೇ ಮಹಾಯುದ್ಧದ ನಂತರದ ಎರಡು ದಶಕಗಳಲ್ಲಿ ಹಳೆಯ ಮನೆಗಳ ಹೊರಗೋಡೆ ಮಾತ್ರ ಉಳಿಸಿ ಒಳಗೆಲ್ಲ ಕೆಡವುವ ಚಾಳಿ ಹಬ್ಬಿತ್ತು. ಕಲಾ ಇತಿಹಾಸಕಾರ ಹಾನ್ಸ್ ಸೆಡ್ಲ್‌ಮಾಯರ್ 1960ರ ದಶಕದ ನಡುವೆ ಇದರ ವಿರುದ್ಧ ದನಿ ಎತ್ತಿದರು. 1967ರಲ್ಲಿ ಹಳೇ ಪಟ್ಟಣ ಸಂರಕ್ಷಣಾ ಕಾಯ್ದೆ ಬಂತು. 1980ರ ತಿದ್ದುಪಡಿ ರಕ್ಷಣೆಯನ್ನು ಹೊರಗೋಡೆಯಿಂದ ಒಳಗಿನ ರಚನೆಗೂ ವಿಸ್ತರಿಸಿತು. 1996ರಲ್ಲಿ 236 ಹೆಕ್ಟೇರ್ ಪ್ರದೇಶ ಯುನೆಸ್ಕೋ ಪಟ್ಟಿಗೆ ಸೇರಿತು. ಇಂದು ಕಿಟಕಿಯ ಮರ, ಬಾಗಿಲ ಕಲ್ಲು, ಛಾವಣಿ, ಬೋರ್ಡು, ಯಾವುದನ್ನು ಮುಟ್ಟಬೇಕಾದರೂ ಅನುಮತಿ ಬೇಕು. ತಜ್ಞರ ಸಮಿತಿ ನೋಡಿ ಅಭಿಪ್ರಾಯ ಕೊಡುತ್ತದೆ.

ಈ ಕಾವಲು ಎಷ್ಟು ಸೂಕ್ಷ್ಮದ್ದೆಂದು ಒಂದು ಬೋರ್ಡನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಹಳದಿ ಬಣ್ಣ ಬರುವವರೆಗೆ, ಸುಮಾರು 1,000ದಿಂದ 1,100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅಡಿಗಲ್ಲಿನ (ಕಮ್ಮಾರರು ಕಬ್ಬಿಣ ಬಡಿಯುವ ದಿಮ್ಮಿಯ) ಕೊಂಬಿನ ಮೇಲೆ ಸುರುಳಿ ಸುತ್ತುತ್ತಾರೆ. ಬಣ್ಣ ಮಂಕು ಕೆಂಪಿಗೆ ಇಳಿದ ಮೇಲೂ ಬಡಿಯುತ್ತಿದ್ದರೆ ಬಿರುಕು ಬರುತ್ತದೆ. ಅತಿಯಾಗಿ ಕಾಯಿಸಿದರೆ ಕಿಡಿ ಹಾರಿ ಲೋಹವೇ ಸುಟ್ಟುಹೋಗುತ್ತದೆ. ಸುರುಳಿಗಳನ್ನು ಒಂದಕ್ಕೊಂದು ಬೆಸುಗೆ ಹಾಕುವುದಿಲ್ಲ. ಕಾದ ಬಿಗಿಪಟ್ಟಿ ಸುತ್ತಿ ತಣಿಸುತ್ತಾರೆ, ತಣಿಯುವಾಗ ಕುಗ್ಗಿ ಅದೇ ಹಿಡಿದುಕೊಳ್ಳುತ್ತದೆ. ತೊಂದರೆ ಶುರುವಾಗುವುದೂ ಅಲ್ಲೇ. ಬಿಗಿಪಟ್ಟಿಯ ಸಂದಿಗೆ ಮಳೆನೀರು ಇಳಿದು ನಿಲ್ಲುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಪಟ್ಟಿ ಒಳಗಿನಿಂದಲೇ ಸೀಳುತ್ತದೆ. ಹೊರಗಿನಿಂದ ಬಣ್ಣ ನೆಟ್ಟಗಿರುವುದರಿಂದ ಇದು ಕಣ್ಣಿಗೆ ಬೀಳುವುದು ತಡ.

ಇನ್ನು ಗೋಡೆಯ ಹಿಡಿತ. 40 ಕಿಲೋ ತೂಕದ ಬೋರ್ಡಿನ ಭಾರಕೇಂದ್ರ ಗೋಡೆಯಿಂದ ಒಂದು ಮೀಟರ್ ಆಚೆಗಿದೆ, ಮೇಲಿನ ಮತ್ತು ಕೆಳಗಿನ ಮೊಳೆಗಳ ಅಂತರ ಅರ್ಧ ಮೀಟರ್ ಎಂದುಕೊಳ್ಳಿ. ಮೇಲಿನ ಮೊಳೆಯನ್ನು 80 ಕಿಲೋ ಬಲ ಸದಾ ಹೊರಗೆಳೆಯುತ್ತಿರುತ್ತದೆ, ಗಾಳಿಯ ಹೊಡೆತ ಬೇರೆ. ಹಿಂದಿನವರು ಕಲ್ಲಿಗೆ ರಂಧ್ರ ಕೊರೆದು, ಕರಗಿದ ಸೀಸ ಹುಯ್ದು ಮೊಳೆ ಕೂರಿಸುತ್ತಿದ್ದರು. ಅವಸರದಲ್ಲಿ ಜಿಪ್ಸಂ ಗಾರೆ ತುಂಬಿದರೆ ಅದು ತೇವ ಹಿಡಿದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಕೊನೆಗೆ ಚಿನ್ನದ ರೇಕು. 25 ಹಾಳೆಯ ಒಂದು ಪುಸ್ತಕ, ಹಾಳೆಯೊಂದರ ಪ್ರತಿ ಬದಿ 8 ಸೆಂಟಿಮೀಟರ್. ಒಂದು ಪುಸ್ತಕ ಹೆಚ್ಚೆಂದರೆ 0.16 ಚದರ ಮೀಟರ್ ಮುಚ್ಚುತ್ತದೆ, ಮಡಿಕೆ, ಹರುಕು ಕಳೆದರೆ ಇನ್ನೂ ಕಡಿಮೆ. ಅಗ್ಗವೆಂದು ಕಂಚಿನ ಪುಡಿಯ ಬಣ್ಣ ಬಳಿದರೆ ಕೆಲವೇ ವರ್ಷಗಳಲ್ಲಿ ಕಂದುಗಟ್ಟುತ್ತದೆ, ರೇಕು ದಶಕಗಟ್ಟಲೆ ಹೊಳೆಯುತ್ತದೆ. ಇಂಥ ಕೆಲಸ ಬಲ್ಲ ವೀಬರ್ ಕಮ್ಮಾರಶಾಲೆ ಇದೇ ಬೀದಿಯ 28ನೇ ನಂಬರಿನದು. ಬೀದಿಯ ಬೋರ್ಡು ಬೀದಿಯಲ್ಲೇ ತಯಾರಾಗುವುದು ಯೂರೋಪಿನಲ್ಲೂ ಅಪರೂಪ.

ಇಷ್ಟೆಲ್ಲ ಕಾಯುವ ಕಾಯ್ದೆ ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ: ಆ ಬೋರ್ಡಿನ ಕೆಳಗೆ ಏನು ಮಾರುತ್ತಾರೆ? ಕೊಡೆ ಹೊಲಿಯುವವರು ಹೋಗಿ ಫ್ರಿಜ್ ಮ್ಯಾಗ್ನೆಟ್ ಮಾರುವವರು ಬಂದರೆ ಸಮಿತಿಗೆ ಹೇಳಲು ಏನೂ ಇಲ್ಲ, ಬೋರ್ಡು ಕುಸುರಿಯದ್ದಾಗಿದ್ದರೆ ಸಾಕು. ಬೀದಿಯ ಗತಿ ತೀರ್ಮಾನವಾಗುವುದು ಬಾಡಿಗೆ ಕಾನೂನಿನಲ್ಲಿ. ಅದರಲ್ಲೂ ಒಂದು ನಿರ್ದಿಷ್ಟ ಗಳಿಗೆಯಲ್ಲಿ, ಅಂಗಡಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ.

12ಎ ಎಂಬ ಕೀಲು

ಆಸ್ಟ್ರಿಯಾದ ಬಾಡಿಗೆ ಕಾಯ್ದೆ 1982ರಲ್ಲಿ ಜಾರಿಗೆ ಬಂತು. ಗೆಟ್ರೈಡೆಗಾಸೆಯಂಥ ಹಳೆಯ ಕಟ್ಟಡಗಳಿಗೆ ಅದು ಪೂರ್ಣವಾಗಿ ಅನ್ವಯಿಸುತ್ತದೆ. ಅವಧಿ ಇಲ್ಲದ ಹಳೆಯ ಕರಾರು ಹಿಡಿದವರನ್ನು ಮಾಲೀಕರು ಸುಮ್ಮನೆ ಎಬ್ಬಿಸುವಂತಿಲ್ಲ, ಬಾಡಿಗೆಯನ್ನೂ ಮನಬಂದಂತೆ ಏರಿಸುವಂತಿಲ್ಲ. ಅನೇಕ ಹಳೆಯ ಅಂಗಡಿಗಳು ಇಷ್ಟು ಕಾಲ ಬದುಕಿದ್ದು ಈ ಆಸರೆಯಿಂದ.

ಆದರೆ 1994ರ ಮಾರ್ಚ್ 1ರಿಂದ ಜಾರಿಯಾದ 12ಎ ವಿಧಿ ಒಂದು ಬಾಗಿಲು ತೆರೆಯಿತು. ಅಂಗಡಿಕಾರರು ವ್ಯಾಪಾರವನ್ನು ಮಾರಿದರೆ ಕೊಂಡವರಿಗೆ ಬಾಡಿಗೆ ಹಕ್ಕೂ ಬರುತ್ತದೆ, ಮಾಲೀಕರು ಒಪ್ಪಬೇಕಿಲ್ಲ. ಅದಕ್ಕೆ ಬದಲಾಗಿ ಮಾಲೀಕರಿಗೂ ಒಂದು ಹಕ್ಕು: ವ್ಯಾಪಾರ ಕೈಬದಲಾದ ಸುದ್ದಿಯನ್ನು ವಿಧಿವತ್ತಾಗಿ ತಿಳಿಸಿದ ಆರು ತಿಂಗಳೊಳಗೆ ಬಾಡಿಗೆಯನ್ನು ‘ಯೋಗ್ಯ’ ಮಟ್ಟಕ್ಕೆ ಏರಿಸಲು ಕೇಳಬಹುದು. ಯೋಗ್ಯ ಎಂದರೆ ಅಳತೆ, ಜಾಗ, ಸ್ಥಿತಿ ನೋಡಿ ಅಲ್ಲಿನ ಮಾರುಕಟ್ಟೆ ಕೊಡುವ ದರ. ಅಂಗಡಿ ಕಂಪನಿಯ ಹೆಸರಲ್ಲಿದ್ದು ಕಂಪನಿಯ ಹಿಡಿತ ಬೇರೆಯವರ ಕೈಗೆ ಹೋದರೂ ಇದೇ ನಿಯಮ. 1994ಕ್ಕಿಂತ ಹಳೆಯ ಕರಾರುಗಳಲ್ಲಿ, ಉತ್ತರಾಧಿಕಾರದ ಕೆಲವು ಸಂದರ್ಭಗಳಲ್ಲಿ, ಏರಿಕೆ ಒಂದೇಟಿಗೆ ಬೀಳುವುದಿಲ್ಲ. ಹದಿನೈದು ವರ್ಷ, ವರ್ಷಕ್ಕೆ ಹದಿನೈದನೇ ಒಂದು ಭಾಗದಂತೆ ಏರುತ್ತದೆ.

ಅಂಕಿ ಹಾಕಿ ನೋಡೋಣ. ಇವು ಲೆಕ್ಕ ಅರ್ಥವಾಗಲೆಂದು ಊಹಿಸಿಕೊಂಡವು, ಯಾವುದೇ ಅಂಗಡಿಯ ನಿಜ ಬಾಡಿಗೆಯಲ್ಲ. 60 ಚದರ ಮೀಟರಿನ ಮಳಿಗೆ, ಹಳೆಯ ಬಾಡಿಗೆ ಚದರ ಮೀಟರಿಗೆ 15 ಯೂರೋ: ತಿಂಗಳಿಗೆ 900. ಯೋಗ್ಯ ದರ 120 ಯೂರೋ ಎಂದಾದರೆ 7,200. ಅಂತರ 6,300. ಹದಿನೈದು ಕಂತಿನ ಅನುಕೂಲವಿದ್ದರೆ ತಿಂಗಳ ಬಾಡಿಗೆ ಪ್ರತಿ ವರ್ಷ 420 ಯೂರೋ ಏರುತ್ತದೆ. ಅನುಕೂಲವಿಲ್ಲದಿದ್ದರೆ ಮೊದಲ ವರ್ಷವೇ ಎಂಟು ಪಟ್ಟು.

ಆ ಮಳಿಗೆಯಲ್ಲಿ ಕೈಯಿಂದ ಮಾಡಿದ ಕೊಡೆಯೊಂದು 250 ಯೂರೋಗೆ ಮಾರಾಟವಾಗುತ್ತದೆ ಎನ್ನಿ. ಬಾಡಿಗೆ ವಹಿವಾಟಿನ ನೂರಕ್ಕೆ ಹನ್ನೆರಡು ದಾಟಿದರೆ ಕೈಕೆಲಸದ ಅಂಗಡಿ ಉಸಿರಾಡುವುದು ಕಷ್ಟ ಎಂದು ಹಿಡಿದರೆ, 7,200 ಕಟ್ಟಲು ತಿಂಗಳಿಗೆ 60,000 ಯೂರೋ ವ್ಯಾಪಾರ ಆಗಬೇಕು. ಅಂದರೆ 240 ಕೊಡೆ. 26 ಕೆಲಸದ ದಿನಕ್ಕೆ ಹಂಚಿದರೆ ದಿನಕ್ಕೆ ಒಂಬತ್ತಕ್ಕೂ ಹೆಚ್ಚು. ಹಿಡಿಯ ಮರವನ್ನು ಉಗಿಯಲ್ಲಿ ಬಗ್ಗಿಸಬೇಕು, ಕಡ್ಡಿಗಳನ್ನು ಕೋಲಿನ ತುದಿಯ ಕಿರೀಟಕ್ಕೆ ತಂತಿಯಿಂದ ಕಟ್ಟಬೇಕು, ತ್ರಿಕೋನ ಬಟ್ಟೆಗಳನ್ನು ಕತ್ತರಿಸಿ ಹೊಲಿಯಬೇಕು, ಹೊಲಿದ ಛತ್ರಿಯನ್ನು ಪ್ರತಿ ಕಡ್ಡಿಗೂ ಕೈಯಿಂದ ಪೋಣಿಸಬೇಕು. ದಿನಕ್ಕೆ ಒಂಬತ್ತು ಕೊಡೆ ಎಂದರೆ ಅದು ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಆಗುವ ಮಾತಲ್ಲ. ಬೇರೆಲ್ಲಿಂದಲೋ ತರಿಸಬೇಕಾಗುತ್ತದೆ, ಆಗ ಅದು ಕೊಡೆ ಮಾಡುವ ಅಂಗಡಿಯಾಗಿ ಉಳಿಯುವುದಿಲ್ಲ. 1903ರಲ್ಲಿ ಶುರುವಾದ ಕಿರ್ಶ್‌ಟಾಗ್ ಕೊಡೆ ಅಂಗಡಿ, ಅದೇ ವರ್ಷದ ಷ್ಪೋರರ್ ಮದ್ಯದಂಗಡಿ ಈ ಬೀದಿಯಲ್ಲಿ ಶತಮಾನ ದಾಟಿದವು. ಅಂಥವು ಎಷ್ಟು ಅಮೂಲ್ಯ ಎಂಬುದು ಈ ಲೆಕ್ಕ ಹಾಕಿದ ಮೇಲೆ ಚೆನ್ನಾಗಿ ಅರಿವಾಗುತ್ತದೆ.

ಹಾಗಾದರೆ ಅಷ್ಟು ಬಾಡಿಗೆ ಕೊಡುವವರು ಯಾರು? ಎರಡು ಬಗೆಯವರು. ಒಂದು, ಲೂಯಿ ವಿಟಾನ್‌ನಂಥ ಬ್ರ್ಯಾಂಡ್‌ಗಳು. ಅಂಥವರಿಗೆ ಇಲ್ಲಿನ ಮಳಿಗೆ ಜಾಹೀರಾತೂ ಹೌದು, ಗಲ್ಲಾಪೆಟ್ಟಿಗೆ ತುಂಬದಿದ್ದರೂ ಬಾಡಿಗೆ ಪ್ರಚಾರದ ಖರ್ಚಿನಲ್ಲಿ ಹೋಗುತ್ತದೆ. ಎರಡು, ನೆನಪಿನ ಕಾಣಿಕೆ ಮಾರುವವರು. ಅಂಗೈ ಅಗಲದ ಜಾಗಕ್ಕೆ ಹತ್ತು ಮ್ಯಾಗ್ನೆಟ್, ತಯಾರಿಕೆ ಬೇರೆಡೆ, ಕುಶಲ ಕೆಲಸಗಾರರ ಸಂಬಳವಿಲ್ಲ, ಗಿರಾಕಿ ಮತ್ತೆ ಬರಬೇಕೆಂದೂ ಇಲ್ಲ. ಚದರ ಮೀಟರ್ ಲೆಕ್ಕದಲ್ಲಿ ಇವರನ್ನು ಯಾವ ಕುಶಲಕರ್ಮಿಯೂ ಸೋಲಿಸಲಾರ. ಸುಮಾರು ಒಂದೂವರೆ ಲಕ್ಷ ಜನರ ಊರಿಗೆ 2019ರಲ್ಲಿ 30 ಲಕ್ಷಕ್ಕೂ ಮಿಕ್ಕಿ ರಾತ್ರಿ ತಂಗುವಿಕೆಗಳಾಗಿದ್ದವು. ಬೆಳಗ್ಗೆ ಬಸ್ಸಲ್ಲಿ ಬಂದು ಸಂಜೆ ಹೋಗುವವರು ಆ ಲೆಕ್ಕದಲ್ಲೇ ಇಲ್ಲ.

ಭಾನುವಾರದ ನಿಯಮವನ್ನು ಗಮನಿಸಿದವರು ಕಡಿಮೆ. 2003ರ ಆಸ್ಟ್ರಿಯನ್ ಕಾಯ್ದೆಯಂತೆ ಅಂಗಡಿಗಳು ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 6ರಿಂದ ರಾತ್ರಿ 9, ಶನಿವಾರ ಸಂಜೆ 6ರವರೆಗೆ, ವಾರಕ್ಕೆ ಒಟ್ಟು 72 ಗಂಟೆ ತೆರೆದಿರಬಹುದು. ಭಾನುವಾರ ರಜೆ. ಪ್ರವಾಸಿ ತಾಣಗಳಲ್ಲಿ ಪ್ರಾಂತ್ಯದ ಮುಖ್ಯಸ್ಥರು ವಿನಾಯಿತಿ ಕೊಡಬಹುದು, ಆದರೆ ಅದು ಪ್ರವಾಸಿಗೆ ಬೇಕಾಗುವ ಸಾಮಾನಿಗೆ: ತಿನಿಸು, ಪ್ರಯಾಣದ ವಸ್ತು, ನೆನಪಿನ ಕಾಣಿಕೆ. ಕೆಲಸಗಾರರ ವಿಶ್ರಾಂತಿಗಾಗಿ ಮಾಡಿದ ಒಳ್ಳೆಯ ಕಾನೂನು ಹೀಗೆ ವಾರದ ಏಳನೇ ದಿನವನ್ನು ಒಂದೇ ಬಗೆಯ ವ್ಯಾಪಾರಕ್ಕೆ ಕೊಟ್ಟುಬಿಡುತ್ತದೆ. ಬಾಡಿಗೆ ಹರಾಜಿನಲ್ಲಿ ಆ ಒಂದು ದಿನದ ವರಮಾನವೂ ತೂಕಕ್ಕೆ ಬೀಳುತ್ತದೆ.

ಮಾಯವಾದ ಮೆಟ್ಟಿಲು

ಕೆಳಗಿನ ಬಾಡಿಗೆ ಏರಿದರೆ ಮೇಲಿನ ಮಹಡಿಗೂ ಪೆಟ್ಟು ಬೀಳುತ್ತದೆ. ಹಳೆಯ ಮನೆಗಳು ಕಿರಿದು. ಬೀದಿಗೆ ತೆರೆಯುವ ಅಗಲದಲ್ಲೇ ಅಂಗಡಿಯ ಬಾಗಿಲೂ ಇರಬೇಕು, ಮೇಲಿನ ಮನೆಗೆ ಹೋಗುವ ಓಣಿಯೂ ಇರಬೇಕು. ಎಂಟು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಅಗಲದ ಓಣಿ ಎಂದರೆ 12 ಚದರ ಮೀಟರ್. ಮೇಲಿನ ಊಹೆಯ ದರದಲ್ಲೇ ತಿಂಗಳಿಗೆ 1,440 ಯೂರೋ. ಮೇಲಿನ ಸಣ್ಣ ಮನೆಯ ಬಾಡಿಗೆಗಿಂತ ಅದೇ ಹೆಚ್ಚಾದಾಗ ಮಾಲೀಕರು ಓಣಿಯನ್ನು ಅಂಗಡಿಗೆ ಸೇರಿಸಿಬಿಡುತ್ತಾರೆ. ಅಲ್ಲಿಗೆ ಅಂಗಡಿಯೊಳಗಿಂದಲ್ಲದೆ ಮೇಲೆ ಹೋಗಲು ದಾರಿಯಿಲ್ಲ. ಮಹಡಿ ದಾಸ್ತಾನು ಕೋಣೆಯಾಗುತ್ತದೆ. ಮನೆ ಖಾಲಿಯಾದರೆ ಹಾಲು, ಮೊಳೆ, ದಾರ ಕೊಳ್ಳುವ ಗಿರಾಕಿಯೂ ಖಾಲಿ. ಯೂರೋಪಿನ ಎಷ್ಟೋ ಹಳೆಯ ವ್ಯಾಪಾರಿ ಬೀದಿಗಳು ರಾತ್ರಿ ಕತ್ತಲಾಗಿರುವುದಕ್ಕೆ ಇದು ದೊಡ್ಡ ಕಾರಣ. ಸಾಲ್ಜ್‌ಬರ್ಗ್‌ನ 1980ರ ತಿದ್ದುಪಡಿ ಒಳರಚನೆಯನ್ನೂ ಕಾಯುವುದರಿಂದ ಇಲ್ಲಿ ಮೆಟ್ಟಿಲು ಕೀಳುವುದು ಸುಲಭವಲ್ಲ. ಆ ಕಾಯ್ದೆಯ ಅತ್ಯುತ್ತಮ ಭಾಗ ಇದೇ ಎಂದು ನಾವು ಹೇಳುತ್ತೇವೆ. ಊರಿನವರ ದಿನನಿತ್ಯದ ಖರೀದಿಯನ್ನು 1997ರಲ್ಲಿ ಊರಂಚಿನಲ್ಲಿ ತೆರೆದ ಯೂರೋಪಾರ್ಕ್ ಮಾಲ್ ಬಹುಮಟ್ಟಿಗೆ ಎಳೆದುಕೊಂಡಿತು.

ಬೇರೆಯವರು ಹಿಡಿದ ದಾರಿ

ಇಟಲಿಯ 1978ರ 392ನೇ ಕಾನೂನು ಅಂಗಡಿ ಕರಾರಿಗೆ ಕನಿಷ್ಠ ಆರು ವರ್ಷ, ಮೇಲೆ ಇನ್ನಾರು ಕೊಡುತ್ತದೆ. ಮಾಲೀಕರು ಬಿಡಿಸಿದರೆ ವ್ಯಾಪಾರದ ಗುಡ್‌ವಿಲ್ (ಗಳಿಸಿದ ಹೆಸರು, ಕಾಯಂ ಗಿರಾಕಿಗಳ ಬೆಲೆ) ನಷ್ಟಕ್ಕೆ 18 ತಿಂಗಳ ಬಾಡಿಗೆ ಪರಿಹಾರ. ಒಂದು ವರ್ಷದೊಳಗೆ ಅದೇ ಜಾಗದಲ್ಲಿ ಅದೇ ವ್ಯಾಪಾರ ಶುರುವಾದರೆ ದುಪ್ಪಟ್ಟು. 2014ರಲ್ಲಿ, ವಾರ್ಷಿಕ ಬಾಡಿಗೆ 2,50,000 ಯೂರೋ ಮೀರಿದರೆ ಈ ನಿಯಮಗಳನ್ನು ಬಿಟ್ಟು ಒಪ್ಪಂದ ಮಾಡಿಕೊಳ್ಳಬಹುದೆಂದು ಸಡಿಲಿಸಿದರು, ಆದರೆ ಪ್ರಾಂತ್ಯ ಅಥವಾ ಪುರಸಭೆ ಐತಿಹಾಸಿಕವೆಂದು ಗುರುತಿಸಿದ ಮಳಿಗೆಗಳನ್ನು ಆ ಸಡಿಲಿಕೆಯಿಂದ ಹೊರಗಿಟ್ಟರು. ಆದರೂ ಹನ್ನೆರಡು ವರ್ಷ ಕಳೆದ ಮೇಲೆ ಆಸರೆ ತೆಳುವಾಗುತ್ತದೆ. ರೋಮ್‌ನ ಕೊಂಡೊಟ್ಟಿ ಬೀದಿಯ, 1760ರಿಂದ ನಡೆದುಬಂದ ಕಾಫೆ ಗ್ರೆಕೊವನ್ನು 1953ರ ಆದೇಶ ಪರಂಪರೆಯೆಂದು ಕಾಯುತ್ತದೆ. 2017ರಲ್ಲಿ ಕರಾರು ಮುಗಿದ ಮೇಲೆ ಬಾಡಿಗೆಯ ಜಗಳ ವರ್ಷಗಟ್ಟಲೆ ಕೋರ್ಟು ಸುತ್ತಿತು. ಮೇಜು ಕುರ್ಚಿ ಕಾಯುವುದು ಬೇರೆ, ನಡೆಸುವವರನ್ನು ಕಾಯುವುದು ಬೇರೆ. ಸಾಲ್ಜ್‌ಬರ್ಗ್‌ನ ಬೋರ್ಡಿನ ಕಥೆಯೇ ಅಲ್ಲೂ.

ಆಮ್ಸ್ಟರ್‌ಡಾಮ್ ನೇರ ನಿಷೇಧಕ್ಕೆ ಇಳಿಯಿತು. 2017ರ ಅಕ್ಟೋಬರ್‌ನಲ್ಲಿ ನಗರ ಕೇಂದ್ರದಲ್ಲಿ ಪ್ರವಾಸಿಗರಿಗಷ್ಟೇ ಮಾರುವ ಹೊಸ ಅಂಗಡಿಗಳನ್ನು ಭೂಬಳಕೆ ಯೋಜನೆಯ ಮೂಲಕ ನಿಲ್ಲಿಸಿತು. ಒಂದು ಚೀಸ್ ಅಂಗಡಿ ಕೋರ್ಟಿಗೆ ಹೋಯಿತು. 2018ರ ಡಿಸೆಂಬರ್‌ನಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ನಗರದ ಪರ ನಿಂತಿತು. ಇಲ್ಲೊಂದು ಸೂಕ್ಷ್ಮವಿದೆ. ‘ಈಗಾಗಲೇ ಇಂಥ ಅಂಗಡಿ ಸಾಕಷ್ಟಿವೆ, ಇನ್ನು ಬೇಡ’ ಎನ್ನುವುದನ್ನು ಯೂರೋಪಿಯನ್ ಒಕ್ಕೂಟದ 2006ರ ಸೇವಾ ನಿರ್ದೇಶನ ಒಪ್ಪುವುದಿಲ್ಲ. ನಗರದ ಪರಿಸರ, ವಾಸಯೋಗ್ಯತೆಯ ಕಾರಣ ಕೊಟ್ಟು, ಅಳತೆ ಮೀರದ ನಿರ್ಬಂಧ ಹಾಕಿದರೆ ನಿಲ್ಲುತ್ತದೆ. ಡಚ್ ಪಟ್ಟಣ ಆಪಿಂಗೆಡಾಮ್‌ನ ಪ್ರಕರಣದಲ್ಲಿ ಒಕ್ಕೂಟದ ನ್ಯಾಯಾಲಯ 2018ರ ಜನವರಿಯಲ್ಲಿ ಇದನ್ನು ಸ್ಪಷ್ಟಪಡಿಸಿತು. ನಿಯಮ ಬರೆಯುವವರು ಈ ಗೆರೆ ತಪ್ಪಿದರೆ ಮೊದಲ ದಾವೆಯಲ್ಲೇ ಸೋಲುತ್ತಾರೆ.

ನಮಗೆ ಹೆಚ್ಚು ಹಿಡಿಸಿದ್ದು ಪ್ಯಾರಿಸ್ 2004ರಲ್ಲಿ ಶುರುಮಾಡಿದ ಕ್ರಮ. ನಗರದ ಕೈಕೆಳಗಿನ ಕಂಪನಿಯೊಂದು ನೆಲಮಹಡಿಯ ಮಳಿಗೆಗಳನ್ನೇ ಕೊಂಡು, ದುರಸ್ತಿ ಮಾಡಿ, ಬೇಕಾದ ವ್ಯಾಪಾರದವರಿಗೆ ತಾಳುವ ಬಾಡಿಗೆಗೆ ಕೊಟ್ಟಿತು. ನಿಷೇಧ ಬೇಡದ್ದನ್ನು ತಡೆಯಬಲ್ಲದು, ಬೇಕಾದ್ದನ್ನು ತರಲಾರದು. ಮಾಲೀಕರಾದರೆ ಎರಡೂ ಸಾಧ್ಯ. ದುಬಾರಿ ದಾರಿ, ಹೌದು. ಆದ್ದರಿಂದ ಮುಖ್ಯ ಬೀದಿಯಲ್ಲಿ ಕೊಳ್ಳಲು ಹೋಗದೆ, ಗೆಟ್ರೈಡೆಗಾಸೆಯಿಂದ ವಿಶ್ವವಿದ್ಯಾಲಯ ಚೌಕಕ್ಕೂ ಗ್ರೀಸ್‌ಗಾಸೆಗೂ ಮನೆಗಳ ಹೊಟ್ಟೆಯೊಳಗಿಂದ ಹಾಯುವ ಓಣಿಗಳಲ್ಲಿ ಕೊಳ್ಳುವುದು ಜಾಣತನ. ಅಲ್ಲಿ ಜನಪ್ರವಾಹ ತೆಳು, ಬಾಡಿಗೆಯೂ ಕಡಿಮೆ, ಒಳಅಂಗಳದ ಕಮಾನಿನ ಕೆಳಗೆ ಕೆಲಸದ ಮೇಜು ಹಾಕಲು ಜಾಗವಿದೆ. ಬಾಡಿಗೆಯನ್ನು ವಹಿವಾಟಿಗೆ ಕಟ್ಟಬಹುದು: ಸಣ್ಣ ಮೂಲಬಾಡಿಗೆ, ಮೇಲಿನ ವ್ಯಾಪಾರದಲ್ಲಿ ಶೇಕಡಾವಾರು ಪಾಲು. ಮಾರಾಟ ಮುಚ್ಚಿಡುತ್ತಾರೆಂಬ ಹಳೆಯ ಭಯಕ್ಕೆ ಈಗ ಉತ್ತರವಿದೆ. ಆಸ್ಟ್ರಿಯಾದಲ್ಲಿ 2016ರಿಂದ ನಿಗದಿತ ಮಿತಿ ಮೀರಿದ ವ್ಯಾಪಾರಿಗಳಿಗೆ ಎಲೆಕ್ಟ್ರಾನಿಕ್ ಗಲ್ಲಾ ಕಡ್ಡಾಯ, 2017ರ ಏಪ್ರಿಲ್‌ನಿಂದ ಪ್ರತಿ ಬಿಲ್ಲಿಗೂ ತಿದ್ದಲಾಗದ ಡಿಜಿಟಲ್ ಸಹಿ ಇದೆ.

ಹಾಲಿ ಕಾನೂನಿನಲ್ಲೇ ಒಂದು ಹಿಡಿಕೆಯೂ ಇದೆ. 12ಎ ವಿಧಿಯಂತೆ ಯೋಗ್ಯ ಬಾಡಿಗೆ ಲೆಕ್ಕ ಹಾಕುವಾಗ ‘ಅಲ್ಲಿ ನಡೆಯುವ ವ್ಯಾಪಾರದ ಬಗೆ’ಯನ್ನು ಪರಿಗಣಿಸಬೇಕು. ಕೊಡೆ ಅಂಗಡಿಯನ್ನು ಪಕ್ಕದ ಫ್ಯಾಷನ್ ಮಳಿಗೆಯ ದರದಿಂದ ಅಳೆಯುವುದು ಸರಿಯಲ್ಲ ಎಂದು ವಾದಿಸಲು ಇಷ್ಟು ಸಾಕು. ಆದರೆ ವಾದಕ್ಕೆ ಹೋಲಿಕೆಯ ಕರಾರುಗಳು ಬೇಕು, ಸಣ್ಣ ವ್ಯಾಪಾರಿಯ ಕೈಯಲ್ಲಿ ಆ ಮಾಹಿತಿ ಇರುವುದಿಲ್ಲ. ನಗರವೋ ವಾಣಿಜ್ಯ ಮಂಡಳಿಯೋ ಕೈಕೆಲಸದ ಅಂಗಡಿಗಳ ಬಾಡಿಗೆಗಳನ್ನು ಹೆಸರಿಲ್ಲದೆ ಕಲೆಹಾಕಿಟ್ಟರೆ ಖರ್ಚು ಅಲ್ಪ, ಉಪಯೋಗ ದೊಡ್ಡದು.

ಅಂಗಡಿಯನ್ನು ಮುಂದಿನವರಿಗೆ ಒಪ್ಪಿಸುವವರು ಮೊದಲು ನೋಡಬೇಕಾದ್ದು ಕರಾರಿನ ತಾರೀಖು: 1994ರ ಮಾರ್ಚ್ 1ಕ್ಕೆ ಹಿಂದಿನದೋ ಮುಂದಿನದೋ. ನಂತರ, ಅವಧಿ ಬರೆದಿದೆಯೋ ಇಲ್ಲವೋ. ವ್ಯಾಪಾರ ಮಳಿಗೆಗಳಿಗೆ 2000ದ ಜುಲೈಯಿಂದ ಎಷ್ಟು ಚಿಕ್ಕ ಅವಧಿಯನ್ನಾದರೂ ಬರೆಯಬಹುದು, ಅಂಥ ಕರಾರಿನಲ್ಲಿ ಹಕ್ಕು ವರ್ಗವಾದರೂ ಉಳಿದ ತಿಂಗಳಿಗಷ್ಟೇ. ಮೂರನೆಯದಾಗಿ, ಹಸ್ತಾಂತರಕ್ಕೆ ಮುಂಚೆಯೇ ಸ್ವತಂತ್ರ ಮೌಲ್ಯಮಾಪಕರಿಂದ ಬಾಡಿಗೆಯ ಅಂದಾಜು ಪಡೆಯಬೇಕು, ಕೊಳ್ಳುವವರು ಗುಡ್‌ವಿಲ್‌ಗೆ ಎಷ್ಟು ಕೊಡಬಹುದೆಂಬುದು ಅದರಿಂದಲೇ ನಿರ್ಧಾರವಾಗುತ್ತದೆ. ಹೆಚ್ಚಿನವರು ಎಡವುವುದು ಕೊನೆಯ ಹೆಜ್ಜೆಯಲ್ಲಿ. ಬಾಡಿಗೆ ಏರೀತೆಂದು ಹೆದರಿ ಮಾಲೀಕರಿಗೆ ತಿಳಿಸದೆ ಇದ್ದುಬಿಡುತ್ತಾರೆ. ಮಾರಿದವರು, ಕೊಂಡವರು ಇಬ್ಬರೂ ತಡಮಾಡದೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ, ಆರು ತಿಂಗಳ ಗಡುವು ಶುರುವಾಗುವುದೇ ಆ ಪತ್ರದಿಂದ. ಪತ್ರ ಹೋಗದಿದ್ದರೆ ಗಡುವು ಓಡುವುದೇ ಇಲ್ಲ, ವರ್ಷಗಳ ಮೇಲೆ ಸುದ್ದಿ ತಿಳಿದಾಗಲೂ ಮಾಲೀಕರ ಹಕ್ಕು ಹಾಗೇ ಇರುತ್ತದೆ. ಕಾಗದದಲ್ಲಿ ಬರೆದು, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿಯನ್ನು ಕರಾರಿನ ಜೊತೆಗೇ ಇಟ್ಟುಕೊಳ್ಳಬೇಕು.